ಬೆಳೆ, ಬೆಲೆ, ಬೇಳೆ: ಒಂದೇ ಪುಟ, ನಾಲ್ಕು ಥರದ ಟೈಪಿಂಗ್

ನಮ್ಮ ವಿಭಾಗದ ಗೋಡೆ ಪತ್ರಿಕೆಗೆ ಬರೆಯುವವರು ಹದಿನೈದು ಜನ. ಟೈಪ್ ಮಾಡುವವನು ನಾನೊಬ್ಬನೇ. ಇಂಗ್ಲಿಷ್ ಆದರೆ ಎಲ್ಲರಿಗೂ ಕೈ ಓಡುತ್ತದೆ, ಕನ್ನಡ ಅಂದ ಕೂಡಲೇ ಹಾಳೆ ನನ್ನ ಕೈಗಿಟ್ಟು ಮಾಯ. ಈ ಸಲ ರಾಜ್ಯೋತ್ಸವದ ಸಂಚಿಕೆಯನ್ನು ಪ್ರಿಂಟ್ ಮಾಡಿಸಬೇಕು ಅಂತ ತೀರ್ಮಾನವಾದಾಗ, ಯಾವ ದಾರಿ ಸುಲಭ ಅಂತ ನೋಡೇ ಬಿಡೋಣ ಎಂದುಕೊಂಡೆ. ಸುಮಾರು ನೂರು ಪದದ ಒಂದು ಬರಹ ತೆಗೆದುಕೊಂಡು, ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟು, ನಾಲ್ಕು ಥರ ಟೈಪ್ ಮಾಡಿದೆ.

ಮೊದಲು ಫೋನ್. ಇಂಗ್ಲಿಷ್ ಅಕ್ಷರ ಒತ್ತಿದರೆ ಮೇಲೆ ಕನ್ನಡ ಪದಗಳು ಬರುವ ಕೀಬೋರ್ಡ್, ದಿನಾ ವಾಟ್ಸ್ಆ್ಯಪ್‌ಗೆ ಬಳಸುವುದೇ. ಒಂಬತ್ತು ನಿಮಿಷದಲ್ಲಿ ಮುಗಿಯಿತು. ಖುಷಿಯಾಗಿ ರೂಮ್‌ಮೇಟ್‌ಗೆ ಓದಿ ಹೇಳಿದೆ. ಬರಹದಲ್ಲಿದ್ದದ್ದು "ಬೆಳೆಗೆ ಬೆಲೆ ಇಲ್ಲ" ಅಂತ. ನನ್ನ ಫೋನಿನಲ್ಲಿ ಇದ್ದದ್ದು "ಬೇಳೆಗೆ ಬೆಲೆ ಇಲ್ಲ". ಬಿ, ಇ, ಎಲ್, ಇ ಒತ್ತಿದರೆ ಬೆಲೆ, ಬೆಳೆ, ಬೇಳೆ ಮೂರೂ ಸಾಲಾಗಿ ಬಂದು ನಿಲ್ಲುತ್ತವೆ. ಅವಸರದಲ್ಲಿ ಬೆರಳು ಯಾವುದರ ಮೇಲೆ ಬಿತ್ತೋ ಅದೇ. "ಮೆಸ್ಸಿನ ಸಾಂಬಾರ್ ಬಗ್ಗೆ ಬರ್ದಿದೀಯಾ?" ಅಂದ ಅವನು. ಲ-ಳ, ನ-ಣ ಇರುವ ಕಡೆಯೆಲ್ಲ ಕಣ್ಣು ಮೇಲಿನ ಸಾಲಿನಲ್ಲೇ ಇರಬೇಕು. ನಾಲ್ಕು ಸಾಲಿನ ಮೆಸೇಜಿಗೆ ಸರಿ, ನಲವತ್ತು ಪುಟಕ್ಕೆ ಕಷ್ಟ.

ಎರಡನೆಯದು ಮಾತಾಡಿ ಬರೆಸುವುದು. ಮೂರೇ ನಿಮಿಷ! ಆಮೇಲೆ ತಿದ್ದಲು ಎಂಟು ನಿಮಿಷ. ಪೂರ್ಣವಿರಾಮ ಒಂದೂ ಇಲ್ಲ, ಹತ್ತು ವಾಕ್ಯ ಒಂದೇ ಉಸಿರಿನಲ್ಲಿ. ಜೊತೆಗೆ ತಪ್ಪು ನನ್ನ ನಾಲಿಗೆಯದ್ದೂ ಇತ್ತು. ನಮ್ಮ ಕಡೆ ಹಕಾರ ಸ್ವಲ್ಪ ದುಬಾರಿ. ನಾನು ಹಾಸನದವನು ಅಂತ ಹೇಳಿದರೆ ಅದು "ಆಸನದವನು" ಅಂತ ಬರೆದುಕೊಂಡಿತು. ಮೊದಲ ಸಲ ನಕ್ಕೆ. ಐದನೇ ಸಲ ಸುದ್ದಿ ಓದುವವರ ಥರ ಎದೆಯಿಂದ ಹ ಹೊರಡಿಸಿದೆ, ಪಕ್ಕದ ರೂಮಿನವರು ಬಾಗಿಲು ತಟ್ಟಿದರು. ಹಾಸ್ಟೆಲ್‌ನಲ್ಲಿ ಇದು ನಡೆಯುವ ಮಾತಲ್ಲ, ಬಿಡಿ.

ಲ್ಯಾಪ್‌ಟಾಪಿನಲ್ಲಿ ಮೊದಲೇ ಕೂತಿರುವ ಕನ್ನಡ ಕೀ ಜೋಡಣೆ ಇನ್‌ಸ್ಕ್ರಿಪ್ಟ್. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಹಿಂದಿ, ತೆಲುಗು, ಕನ್ನಡ ಎಲ್ಲಕ್ಕೂ ಒಂದೇ ಜೋಡಣೆ ಅನ್ನುವುದು ನಿಜಕ್ಕೂ ಚೆಂದದ ಯೋಚನೆ. ಆದರೆ ನ ಬೇಕೆಂದರೆ ವಿ ಒತ್ತಬೇಕು, ಒತ್ತಕ್ಷರಕ್ಕೆ ಡಿ. ಇಪ್ಪತ್ತಾರು ನಿಮಿಷ ಹಿಡಿಯಿತು. ಸ್ಟಿಕರ್ ಅಂಟಿಸಿಕೊಂಡು ಕಲಿಯುವಷ್ಟು ತಾಳ್ಮೆ ನನಗಿಲ್ಲ.

ಕೊನೆಗೆ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಜೋಡಣೆ. ಕೆ. ಪಿ. ರಾವ್ ಅವರು ರೂಪಿಸಿದ್ದು, ಸರ್ಕಾರ ಒಪ್ಪಿಕೊಂಡಿದ್ದೂ ಇದನ್ನೇ. ಮೊದಲ ದಿನ ಇಪ್ಪತ್ತೊಂದು ನಿಮಿಷ. ಟ-ಠಕ್ಕೆ ಕ್ಯೂ, ಡ-ಢಕ್ಕೆ ಡಬ್ಲ್ಯೂ ಅನ್ನುವುದು ತಲೆಗೆ ಹತ್ತಲು ಮೂರು ದಿನ ಬೇಕಾಯಿತು. ಉಳಿದದ್ದು ಹೆಚ್ಚುಕಡಿಮೆ ಸದ್ದಿನ ಪ್ರಕಾರವೇ. "ಕನ್ನಡ" ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಬರೀ ಐದು ಕೀ ಒತ್ತಿದರೆ ಸಾಕು. ಫೋನಿನಲ್ಲಿ ಏಳು ಒತ್ತಿ, ಮೇಲೆ ಆರಿಸಲೂ ಬೇಕು. ಇಲ್ಲಿ ಅ ಕಾರ ಅಕ್ಷರದೊಳಗೇ ಇರುತ್ತದೆ, ಒತ್ತಕ್ಷರ ಬೇಕಾದಾಗ ಮಾತ್ರ ಎಫ್. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಕಲಿತ ಲೆಕ್ಕವೇ ಅಲ್ವಾ? ಎರಡು ವಾರದ ಹೊತ್ತಿಗೆ ಅದೇ ಬರಹ ಎಂಟು ನಿಮಿಷಕ್ಕೆ ಇಳಿಯಿತು, ಬೇಳೆ ಎಲ್ಲೂ ಬೇಯಲಿಲ್ಲ.

ಒಂದು ಪದ ಮಾತ್ರ ಯಾವ ದಾರಿಯಲ್ಲೂ ಸುಲಭಕ್ಕೆ ಬರಲಿಲ್ಲ. ಸೀನಿಯರ್ ಒಬ್ಬರಿಗೆ ಅಭಿನಂದನೆ ಹಾಕಬೇಕಿತ್ತು. ಟೈಪ್ ಮಾಡಿದರೆ "ರ್ಯಾಂಕ್" ಅಂತ ಅರ್ಕಾವತ್ತು ಹೋಗಿ ಯಾ ಬೆನ್ನಿಗೆ ಕೂರುತ್ತದೆ. "ರ‍್ಯಾಂಕ್" ಆಗಬೇಕಾದರೆ ರ ಮತ್ತು ಒತ್ತಿನ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರ ಸೇರಿಸಬೇಕು (ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ). ಅದನ್ನು ಹುಡುಕುವುದರಲ್ಲೇ ಒಂದು ಸಂಜೆ ಹೋಯಿತು. ಈಗ ಆ ಪದವನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಬೇಕಾದಾಗ ಕಾಪಿ ಮಾಡುತ್ತೇನೆ.

ಇಷ್ಟೆಲ್ಲ ಮಾಡಿ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಡಿಟಿಪಿ ಅಂಗಡಿಗೆ ಹೋದೆ. ಅವರ ಹಳೇ ಸಾಫ್ಟ್‌ವೇರಿನಲ್ಲಿ ಪುಟದ ತುಂಬ ಪ್ರಶ್ನೆಚಿಹ್ನೆ. "ಯುನಿಕೋಡ್ ನಮ್ಮಲ್ಲಿ ಓಡಲ್ಲ ತಮ್ಮಾ, ಹಳೇ ನುಡೀಲಿ ಮಾಡ್ಕೊಂಡ್ ಬಾ" ಅಂದರು ಅಣ್ಣ. ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಮತ್ತು ಇತರ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಅವರ ಫೈಲನ್ನು ನನ್ನ ಫೋನಿನಲ್ಲಿ ತೆರೆದರೆ ನ ಇದ್ದ ಕಡೆಯೆಲ್ಲ ಪೌಂಡ್ ಗುರುತು. ಕನ್ವರ್ಟರ್‌ನಲ್ಲಿ ಹಾಕಿ, ಇಬ್ಬರೂ ಕೂತು ಅರ್ಕಾವತ್ತು ಒಂದೊಂದನ್ನೇ ನೋಡಿದೆವು. ಸಾಲು ತಿದ್ದುವಾಗ ಅಣ್ಣನ ಬೆರಳು ಕಂಡೆ. ಕೀಗಳ ಮೇಲಿನ ಅಕ್ಷರ ಸವೆದು ಹೋಗಿದೆ, ಅವರು ನೋಡುವುದೂ ಇಲ್ಲ. ನಾನು ಎರಡು ವಾರ ಒದ್ದಾಡಿ ಕಲಿತದ್ದೂ ಅದೇ ಜೋಡಣೆ. ಆಮೇಲಿನ ತಿದ್ದುಪಡಿ ಅವರ ಕೀಬೋರ್ಡಿನಲ್ಲೇ ಮಾಡಿದೆ, ಅಣ್ಣ ಟೀ ತರಲು ಹೋದರು.

ಈಗ ಪತ್ರಿಕೆಯ ಕೆಲಸಕ್ಕೆಲ್ಲ ನುಡಿಯ ಜೋಡಣೆ, ಆದರೆ ಫೈಲ್ ಮಾತ್ರ ಯುನಿಕೋಡಿನಲ್ಲೇ. ಹೊಸ ನುಡಿಯಲ್ಲಿ ಅದಕ್ಕೆ ಅನುಕೂಲವಿದೆ. ಫೋನಿನದ್ದು ಅಮ್ಮನ ಮೆಸೇಜಿಗೆ. ಮೊನ್ನೆ ಅಮ್ಮನಿಗೆ ಮಾತಾಡಿ ಬರೆಸುವುದನ್ನು ತೋರಿಸಿಕೊಟ್ಟೆ. ರಾತ್ರಿ ಮೆಸೇಜ್ ಬಂತು: "ಆಲು ಕುಡಿದು ಮಲಗು".