ಸಾಂಗ್ ಬೈ ಪಿ: ಚೀನೀ ಔಷಧಿ ಅಂಗಡಿಯ ಹಿಪ್ಪುನೇರಳೆ ಬೇರು ತೊಗಟೆ ಕೊಳ್ಳುವ ಮುನ್ನ

ರೇಷ್ಮೆ ಸಾಕುವ ಸೀಮೆಯವರಿಗೆ ಹಿಪ್ಪುನೇರಳೆ ಅಂದರೆ ಸೊಪ್ಪು, ಅಷ್ಟೇ. ಚೀನಾದ ಔಷಧಿ ಅಂಗಡಿಯಲ್ಲಿ ಅದೇ ಗಿಡಕ್ಕೆ ನಾಲ್ಕು ಖಾನೆ: ಎಲೆ, ಕೊಂಬೆ, ಹಣ್ಣು, ಬೇರಿನ ತೊಗಟೆ. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ನೆಗಡಿ ಜ್ವರ ಶುರುವಾದಾಗ ಎಲೆ, ಕೀಲು ನೋವಿಗೆ ಕೊಂಬೆ. ‘ಶ್ವಾಸಕೋಶದಲ್ಲಿ ಉಷ್ಣ’ ಎಂದು ಅವರು ಹೇಳುವ ಕೆಮ್ಮು–ಉಬ್ಬಸಕ್ಕೆ, ಮುಖ ಊದಿಕೊಂಡು ಮೂತ್ರ ಕಡಿಮೆಯಾದಾಗ ಬೇರಿನ ತೊಗಟೆ. ಅದರ ಹೆಸರು ಸಾಂಗ್ ಬೈ ಪಿ. ಸಾಂಗ್ ಹಿಪ್ಪುನೇರಳೆ, ಬೈ ಬಿಳಿ, ಪಿ ತೊಗಟೆ.

ಹೆಸರಿನ ‘ಬಿಳಿ’ಯಲ್ಲೇ ಗುಣಮಟ್ಟದ ಗುಟ್ಟಿದೆ. ಎಲೆ ಉದುರಿದ ಮೇಲೆ, ಮುಂದಿನ ಚಿಗುರು ಒಡೆಯುವ ಮುಂಚೆ ಬೇರು ಅಗೆಯುತ್ತಾರೆ. ಮೇಲಿನ ಹಳದಿ ಮಿಶ್ರಿತ ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು, ಉದ್ದಕ್ಕೆ ಸೀಳಿ, ಒಳಗಿನ ಕಟ್ಟಿಗೆಯಿಂದ ತೊಗಟೆಯನ್ನು ಸುಲಿದು ಒಣಗಿಸುತ್ತಾರೆ. ಹೆರೆಯುವುದು ಕೂಲಿ ಹಿಡಿಯುವ ಕೆಲಸ, ಹಾಗಾಗಿ ಕಳ್ಳತನವೂ ಅಲ್ಲೇ. ಅಲ್ಲೊಂದು ಇಲ್ಲೊಂದು ಕಿತ್ತಳೆ–ಹಳದಿ ಹೊಟ್ಟು ಉಳಿದಿದ್ದರೆ ತಪ್ಪೇನಿಲ್ಲ. ಪ್ಯಾಕೆಟ್ಟಿನ ಅರ್ಧ ಕಂದಾಗಿ ಕಂಡರೆ ನೀವು ದುಡ್ಡು ಕೊಡುತ್ತಿರುವುದು ಸಿಪ್ಪೆಗೆ.

ಪರೀಕ್ಷೆಗೆ ಬೆರಳು ಸಾಕು. ಒಂದು ಎಳೆ ತೆಗೆದುಕೊಂಡು ಅಡ್ಡಕ್ಕೆ ಮುರಿಯಲು ನೋಡಿ: ಬಾಗುತ್ತದೆ, ನಾರು ಬಿಡುವುದಿಲ್ಲ. ಅದನ್ನೇ ಉದ್ದಕ್ಕೆ ಸೀಳಿದರೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಸೀಳಿದ ಜಾಗದಿಂದ ಹಿಟ್ಟಿನಂಥ ಬಿಳಿ ಧೂಳು ಹಾರುತ್ತದೆ. ದಪ್ಪ 1ರಿಂದ 4 ಮಿ.ಮೀ. ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಜಗಿದರೆ ಕೊನೆಗೆ ತುಸು ಸಿಹಿ. ಪಟ್ಟನೆ ಮುರಿದರೆ ಅದು ತೊಗಟೆಯಲ್ಲ, ಕಟ್ಟಿಗೆ. ಕಾಗದದ ಹಿಪ್ಪುನೇರಳೆ ಎಂಬ ಬೇರೆಯೇ ಮರದ ಬೇರು ತೊಗಟೆ ಬೆರೆಸುವುದೂ ಉಂಟು. ಪುಡಿ ಮಾಡಿದ ಮೇಲೆ ಕಣ್ಣಿಗೆ ಅದು ಸಿಗುವುದಿಲ್ಲ. ಪುಡಿ ರೂಪದ್ದನ್ನು ಕೊಳ್ಳಬೇಡಿ ಎನ್ನಲು ಇದೊಂದೇ ಕಾರಣ ಸಾಕು.

ಈ ನಾರಿನ ಗಟ್ಟಿತನ ಎಷ್ಟೆಂದರೆ, 693ರಲ್ಲಿ ಚೀನಾದ ಸಾಮ್ರಾಜ್ಞಿ ವೂ ಆಸ್ಥಾನದಲ್ಲಿ ಯುವರಾಜ ನಿರಪರಾಧಿ ಎಂದು ಸಾಧಿಸಲು ಹೊಟ್ಟೆ ಬಗೆದುಕೊಂಡ ಆನ್ ಜಿನ್‌ಜಾಂಗ್‌ಗೆ ವೈದ್ಯರು ಹೊಲಿಗೆ ಹಾಕಿದ್ದು ಇದರ ದಾರದಿಂದಲೇ ಎಂದು ಟಾಂಗ್ ಕಾಲದ ಇತಿಹಾಸ ಹೇಳುತ್ತದೆ. ಆತ ಬದುಕಿಕೊಂಡ.

ಇನ್ನು ಬಣ್ಣ. ಒಳ್ಳೆಯ ತೊಗಟೆ ಕೆನೆಬಿಳಿ, ಒಳಮೈ ತುಸು ಹಳದಿ. ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದು, ಪ್ಯಾಕೆಟ್ ಬಿಚ್ಚಿದ ಕೂಡಲೇ ಹುಳಿ ಘಾಟು ಮೂಗಿಗೆ ಹೊಡೆದರೆ ಗಂಧಕದ ಹೊಗೆ ಕೊಟ್ಟಿದ್ದಾರೆ. ಚೀನಾದ ಔಷಧಕೋಶದ (ಔಷಧಿಗಳ ಗುಣಮಟ್ಟ, ಅಳತೆ ಹೇಳುವ ಅಧಿಕೃತ ಗ್ರಂಥ) ಪ್ರಕಾರ ಇಂಥ ಮೂಲಿಕೆಯಲ್ಲಿ ಸಲ್ಫರ್ ಡೈಆಕ್ಸೈಡ್ ಕಿಲೋಗೆ 150 ಮಿ.ಗ್ರಾಂ ದಾಟಬಾರದು. ಸಲ್ಫರ್ ಡೈಆಕ್ಸೈಡ್ ಆಸ್ತಮಾ ಇರುವವರಿಗೆ ಉಬ್ಬಸವನ್ನೇ ಕೆರಳಿಸಬಲ್ಲದು. ಕೆಮ್ಮಿಗೆಂದು ತಂದ ತೊಗಟೆಯಲ್ಲಿ ಕೆಮ್ಮಿನ ಕಾರಣವನ್ನೇ ಮನೆಗೆ ತಂದಂತೆ.

ಅಂಗಡಿಯಲ್ಲಿ ಮೂರು ರೂಪ ಸಿಗುತ್ತದೆ. ಬರೀ ಒಣಗಿಸಿದ್ದು ಮೂತ್ರ ಇಳಿಸಲು ಮತ್ತು ಹಳದಿ ಕಫದ ಕೆಮ್ಮಿಗೆ. ಜೇನಿನಲ್ಲಿ ಹುರಿದದ್ದು ಒಣಕೆಮ್ಮಿಗೆ, ನಿತ್ರಾಣ ಇರುವವರಿಗೆ. ಮೂರನೆಯದು ಬಿಸಿನೀರಿಗೆ ಹಾಕುವ ಹರಳು: ಪ್ರಯಾಣಕ್ಕೆ ಅನುಕೂಲ, ಆದರೆ ಒಂದು ಗ್ರಾಂ ಹರಳು ಎಷ್ಟು ಗ್ರಾಂ ತೊಗಟೆಗೆ ಸಮ ಎಂದು ಚೀಟಿಯಲ್ಲಿ ಇಲ್ಲದಿದ್ದರೆ ಅಳತೆಯೇ ಸಿಗುವುದಿಲ್ಲ. ನಮ್ಮ ಮೊದಲ ಆಯ್ಕೆ ಬರೀ ಒಣಗಿಸಿದ್ದು, ಯಾಕೆಂದರೆ ಅದರಲ್ಲಿ ಮೋಸ ಬಚ್ಚಿಡುವುದು ಕಷ್ಟ. ಜೇನಿನದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: 100 ಗ್ರಾಂ ಎಳೆಗೆ 25 ಗ್ರಾಂ ಕಾಯಿಸಿದ ಜೇನು. ಜೇನನ್ನು ಸ್ವಲ್ಪ ಬಿಸಿನೀರಲ್ಲಿ ತೆಳುಮಾಡಿ ಕಲಸಿ, ಹೀರಿಕೊಳ್ಳುವವರೆಗೆ ಬಿಟ್ಟು, ಸಣ್ಣ ಉರಿಯಲ್ಲಿ ಕೈಗೆ ಅಂಟದಷ್ಟು ಹುರಿಯಬೇಕು. ತೆಳುಮಾಡದೆ ಸುರಿದರೆ ಎಳೆ ಗಂಟುಗಂಟಾಗುತ್ತದೆ. ಉರಿ ಜೋರಾದರೆ ಜೇನು ಸೀದು ಕಹಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ.

ಔಷಧಕೋಶ ಹೇಳುವ ಅಳತೆ ದಿನಕ್ಕೆ 6ರಿಂದ 12 ಗ್ರಾಂ. ತೊಗಟೆ ಹಗುರ, ಪಾತ್ರೆ ತುಂಬ ಕಾಣುತ್ತದೆ. ಕಣ್ಣಂದಾಜು ಬಿಟ್ಟು ತೂಕ ಹಾಕಿ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ನೀರು ಎರಡು ಬೆರಳು ಮೇಲೆ ನಿಲ್ಲುವಂತೆ ಮಣ್ಣಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಇಟ್ಟು, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20–30 ನಿಮಿಷ. ನೆನೆಸದಿದ್ದರೆ ಎಳೆಗಳು ತೇಲಿಕೊಂಡೇ ಇದ್ದು ಸಾರ ಸರಿಯಾಗಿ ಇಳಿಯುವುದಿಲ್ಲ. ನಾರು ನೀರು ಹಿಡಿದಿಟ್ಟುಕೊಳ್ಳುವುದರಿಂದ ಬಟ್ಟೆಯಲ್ಲಿ ಹಿಂಡಿ ಸೋಸಬೇಕು.

ಒಂಟಿಯಾಗಿ ಬಳಸುವುದು ಕಡಿಮೆ. ಚೀನಾದ ಸೋಂಗ್ ರಾಜವಂಶದ ಕಾಲದ ಮಕ್ಕಳ ವೈದ್ಯ ಚ್ಯೆನ್ ಯಿ ಹೇಳಿದ ಶಿಯೆ ಬೈ ಸಾನ್ ಇದರ ಪ್ರಸಿದ್ಧ ಔಷಧಿ ಮಿಶ್ರಣ: ಈ ತೊಗಟೆ 10 ಪಾಲು, ಗೋಜಿ ಎಂಬ ಕೆಂಪು ಹಣ್ಣಿನ ಗಿಡದ ಬೇರು ತೊಗಟೆ 10 ಪಾಲು, ಹುರಿದ ಜ್ಯೇಷ್ಠಮಧು 1 ಪಾಲು, ಜತೆಗೆ ಒಂದು ಚಿಟಿಕೆ ಅಕ್ಕಿ, ಊಟಕ್ಕೆ ಮುಂಚೆ ಸೇವನೆ. ತಂಪು ಗುಣದ ಎರಡು ತೊಗಟೆಗಳಿಂದ ಹೊಟ್ಟೆ ಕೆಡದಿರಲಿ ಎಂದೇ ಅಕ್ಕಿ, ಜ್ಯೇಷ್ಠಮಧು.

ನೀರಿನಂತೆ ತೆಳುವಾದ ಬಿಳಿ ಕಫ, ಚಳಿ ಇರುವ ಕೆಮ್ಮಿಗೆ ಇದು ತಪ್ಪು ಆಯ್ಕೆ ಎಂದು ಚೀನೀ ವೈದ್ಯರೇ ಹೇಳುತ್ತಾರೆ. ಪದೇಪದೇ ಮೂತ್ರಕ್ಕೆ ಹೋಗುವವರಿಗೂ ಅಷ್ಟೇ. ತೊಗಟೆಯಲ್ಲಿರುವ ಡಿಆಕ್ಸಿನೊಜಿರಿಮೈಸಿನ್ ಎಂಬ ರಾಸಾಯನಿಕ ಪಿಷ್ಟ ಸಕ್ಕರೆಯಾಗುವುದನ್ನು ತಡೆಯುವಂಥದ್ದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಹಾಗೆಯೇ ಬಸುರಿಯರು, ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ಉಸಿರು ಕಟ್ಟುವಷ್ಟು ಉಬ್ಬಸ, ಏಕಾಏಕಿ ಊತ ಬಂದರೆ ಕಷಾಯ ಕುದಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ರಾಮನಗರ, ಕೋಲಾರದ ಕಡೆ ಹಳೆ ತೋಟ ಕಿತ್ತಾಗ ರಾಶಿ ಬಿದ್ದ ಬೇರು ನೋಡಿ ಆಸೆಯಾಗಬಹುದು. ಚೀನಾದ ಔಷಧಕೋಶ ಒಪ್ಪುವುದು ಮೋರಸ್ ಆಲ್ಬಾ ಎಂಬ ಹಿಪ್ಪುನೇರಳೆ ಜಾತಿ ಒಂದನ್ನೇ. ನಮ್ಮ ವಿ–1, ಎಂ–5 ತಳಿಗಳನ್ನು ಸಾಮಾನ್ಯವಾಗಿ ಮೋರಸ್ ಇಂಡಿಕಾ ಎಂಬ ಇನ್ನೊಂದು ಜಾತಿ ಎಂದು ಗುರುತಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಬೇರು ಗಂಟು ರೋಗಕ್ಕೆಂದು ಬುಡಕ್ಕೆ ಔಷಧಿ ಸುರಿದ ತೋಟದಲ್ಲಿ ಆ ಔಷಧಿಗೆ ಮೊದಲು ಸಿಗುವ ಭಾಗವೇ ಈ ತೊಗಟೆ.