ತಬೆಬೂಯಾ ಕಾಲಕ್ಕೊಂದು ಬಾಡಿಗೆ ಲೆನ್ಸ್

ಫೆಬ್ರುವರಿ ಬಂತೆಂದರೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡವರ ಸಂಖ್ಯೆ ಏರುತ್ತದೆ. ಎಲೆಯುದುರಿಸಿ ಮೈತುಂಬ ಗುಲಾಬಿ ಹೂ ಬಿಡುವ ತಬೆಬೂಯಾ ರೋಸಿಯಾ ಅವರೆಲ್ಲರನ್ನೂ ಕತ್ತೆತ್ತಿ ನಿಲ್ಲುವಂತೆ ಮಾಡುತ್ತದೆ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಮರದ ಹೂವು ಬಹುಕಾಲ ನಿಲ್ಲುವುದಿಲ್ಲವಾದ್ದರಿಂದ, ದುಬಾರಿ ಲೆನ್ಸ್ ಕೊಳ್ಳಲಾಗದ ನನ್ನಂಥ ಹವ್ಯಾಸಿಗೆ ಬಾಡಿಗೆಯೇ ಲೇಸೆಂದು ಅಂಗಡಿಯೊಂದರಿಂದ ದೂರದ್ದನ್ನು ಹತ್ತಿರಕ್ಕೆ ತರುವ 70–200 ಎಂ.ಎಂ., ಎಫ್ 2.8 ಜೂಮ್ ಲೆನ್ಸನ್ನು ಶನಿವಾರ ಸಂಜೆ ತಂದೆ.

ಲೆನ್ಸಿನ ಬಗ್ಗೆ ತಕರಾರಿಲ್ಲ. ಜೂಮನ್ನು ಅದರ ಗರಿಷ್ಠ 200 ಎಂ.ಎಂ.ಗೆ ತಿರುಗಿಸಿದರೆ ಹಿಂದಿನ ಕಟ್ಟಡ, ತಂತಿಗಳೆಲ್ಲ ಮಸುಕಾಗಿ ಕರಗಿ, ಒಂದೇ ಗೊಂಚಲು ಎದ್ದು ನಿಲ್ಲುತ್ತದೆ. ಹೂವಿನ ಕೊಳವೆಯೊಳಗಿನ ಹಳದಿ ಕಲೆ, ಅಂಚಿನ ಸುಕ್ಕು, ಅದರೊಳಗೆ ಅರ್ಧ ನುಸುಳಿದ ಜೇನ್ನೊಣ, ಇವೆಲ್ಲ ಬರಿಗಣ್ಣಿಗಿಂತ ಸ್ಪಷ್ಟವಾಗಿ ಸಿಕ್ಕವು. ಆದರೆ ಸುಮಾರು ಒಂದೂವರೆ ಕೆ.ಜಿ. ತೂಕವನ್ನು ಮೇಲ್ಮುಖವಾಗಿ ಹಿಡಿದು ಭಾನುವಾರ ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಮಣಿಕಟ್ಟು ಸೋತಿತು. ಇಡೀ ಮರ, ಕೆಳಗೆ ಹಾಸಿದ ಹೂಹಾಸು ಬೇಕೆಂದರೆ, ನಿಜ ಹೇಳಬೇಕೆಂದರೆ, ಜೇಬಿನ ಮೊಬೈಲೇ ಸಾಕು.

ಅಂಗಡಿಯ ಸೇವೆಗೆ ಮಾತ್ರ ಅಷ್ಟು ಅಂಕ ಕೊಡಲಾರೆ. ಲೆನ್ಸಿನ ಹಿಂಬದಿಯ ಗಾಜಿನ ಮೇಲೆ ಯಾರದೋ ಹೆಬ್ಬೆರಳ ಗುರುತಿತ್ತು, ಬದಿಯ ಬೆಳಕು ತಡೆಯುವ ಹುಡ್ ಇರಲೇ ಇಲ್ಲ, ಇಪ್ಪತ್ತು ನಿಮಿಷ ತಡವಾದದ್ದಕ್ಕೆ ಇನ್ನೊಂದು ದಿನದ ಪೂರ್ತಿ ಬಾಡಿಗೆ ಹಿಡಿದರು. ಒಯ್ಯುವ ಮುನ್ನ ಅಲ್ಲೇ ನಾಲ್ಕು ಚಿತ್ರ ತೆಗೆದು ಪರೀಕ್ಷಿಸಿಕೊಳ್ಳಿ. ಸಾಧ್ಯವಾದರೆ ಭಾನುವಾರದ ಗದ್ದಲ ಬಿಟ್ಟು ಬೇರೆ ದಿನಕ್ಕೆ ತನ್ನಿ. ನಾನು ಹೋದ ದಿನ ಉದುರುವ ಹೂವಿನ ಚಿತ್ರಕ್ಕಾಗಿ ಒಬ್ಬ ಮಹಾಶಯರು ಕೊಂಬೆಯನ್ನೇ ಅಲ್ಲಾಡಿಸುತ್ತಿದ್ದರು.