ನೋಕಿಯಾ 5110 ಮತ್ತು ಜೀಪಿನ ಕಾರ್ ಕಿಟ್: ವರ್ಷಗಟ್ಟಲೆ ಬಳಸಿದ ಮೇಲೆ

ಕೊಡಗಿನ ತೋಟದಲ್ಲಿ ಈ ಫೋನ್ ಇಟ್ಟುಕೊಂಡವರಿಗೆ ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ: ಫೋನಿಗಿಂತ ಗಾಡಿಯ ಆಂಟೆನಾ ಮುಖ್ಯ.

1998ರಲ್ಲಿ ಬಂದ ಮಾಡೆಲ್ ಇದು. ತೂಕ 170 ಗ್ರಾಂ. ಗಟ್ಟಿ ಅಂದರೆ ಗಟ್ಟಿ. ಕಾಫಿ ಕಣದಲ್ಲಿ ಬಿದ್ದು ಮುಂದಿನ ಕವರ್ ಒಡೆದರೆ, ಬಿಚ್ಚಿ ಬೇರೆ ಹಾಕಿಕೊಂಡರೆ ಆಯ್ತು. ಆದರೆ ಜಿಎಸ್‌ಎಂ 900ರ (ಅಂದರೆ 900 ಮೆಗಾಹರ್ಟ್ಸ್‌ನ ಮೊಬೈಲ್ ಜಾಲದ) ಕೈಫೋನ್ ಬಿಡುವ ಶಕ್ತಿ ಹೆಚ್ಚೆಂದರೆ 2 ವ್ಯಾಟ್. ಗಾಡಿಗೆಂದೇ ಮಾಡಿದ ಫೋನುಗಳಿಗೆ 8 ವ್ಯಾಟ್ ತನಕ ಅವಕಾಶವಿತ್ತು. ಮಡಿಕೇರಿ ಪೇಟೆಯಲ್ಲಿ 2 ವ್ಯಾಟ್ ಧಾರಾಳ ಸಾಕು. ನಾಪೋಕ್ಲು ಕಡೆ ತೋಟದ ತಗ್ಗಿಗೆ ಇಳಿದರೆ, ಗುಡ್ಡ ಅಡ್ಡ ಬಂದು ಸಿಗ್ನಲ್ ಕಡ್ಡಿಗಳೆಲ್ಲ ಮಾಯ.

ಅಲ್ಲಿ ಕೈಹಿಡಿದದ್ದು ಕಾರ್ ಕಿಟ್. ಹೋಲ್ಡರ್‌ನಲ್ಲಿ ಕೂರಿಸಿದರೆ ಫೋನಿನ ಬೆನ್ನಲ್ಲಿರುವ ಕಿಂಡಿಯ ಮೂಲಕ ಹೊರಗಿನ ಆಂಟೆನಾ ಸೇರಿಕೊಳ್ಳುತ್ತದೆ. ಶಕ್ತಿ ಅದೇ 2 ವ್ಯಾಟ್, ಏನೂ ಹೆಚ್ಚಾಗಲ್ಲ. ಆದರೆ ಆಂಟೆನಾ ಬಯಲಿಗೆ ಬರುತ್ತದೆ. ನಮ್ಮದು ಕ್ಯಾನ್ವಾಸ್ ಹೂಡ್ ಜೀಪು. ಇಂಥ ಆಂಟೆನಾಕ್ಕೆ ಬುಡದಲ್ಲಿ ತಗಡು ಬೇಕು, ಬಟ್ಟೆ ಮೇಲೆ ನಿಲ್ಲಿಸಿದರೆ ಪ್ರಯೋಜನ ಇಲ್ಲ. ಹಾಗಾಗಿ ಮುಂದಿನ ಮಡ್‌ಗಾರ್ಡ್ ಮೇಲೆ ಹಾಕಿಸಿದೆ. ಕೂರಿಸಿಕೊಟ್ಟವನು ಉಳಿದ ಕೇಬಲನ್ನೆಲ್ಲ ಸುತ್ತಿ ಡ್ಯಾಶ್‌ಬೋರ್ಡ್ ಹಿಂದೆ ತುರುಕಿಬಿಟ್ಟಿದ್ದ. 900 ಮೆಗಾಹರ್ಟ್ಸ್‌ನಲ್ಲಿ ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರಿಹೋಗುತ್ತದೆ. ಬೇರೆ ಕಡೆ ಅದನ್ನು ಕತ್ತರಿಸಿ ಗಿಡ್ಡ ಮಾಡಿಸಿದ ಮೇಲೆ, ಮೊದಲು ತುಂಡು ತುಂಡಾಗಿ ಕೇಳುತ್ತಿದ್ದ ಜಾಗದಲ್ಲೂ ಮಾತು ನೆಟ್ಟಗೆ ಬಂತು.

ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತಿತ್ತು. ಮರ ಬಿದ್ದರೆ ಕರೆಂಟೂ ಇಲ್ಲ, ಲ್ಯಾಂಡ್‌ಲೈನೂ ಇಲ್ಲ. ಜೀಪ್ ಸ್ಟಾರ್ಟ್ ಮಾಡಿದರೆ ಫೋನ್ ಚಾರ್ಜ್ ಆಗುತ್ತಿತ್ತು. ದಿಣ್ಣೆ ಹತ್ತಿಸಿ ನಿಲ್ಲಿಸಿದರೆ ಡಾಕ್ಟರಿಗೋ ಲೈನ್‌ಮನ್‌ಗೋ ಫೋನ್ ಹೋಗುತ್ತಿತ್ತು. ಲೈನ್ ಮನೆಯವರಿಗೆ (ತೋಟದ ಕೆಲಸದವರಿಗೆ) ಹುಷಾರಿಲ್ಲ ಅಂದಾಗ ತೋಟದ ಲೆಕ್ಕ ನೋಡುವ ರೈಟರ್ ಮೊದಲು ಕೇಳುತ್ತಿದ್ದದ್ದು, "ಸಾರ್, ಜೀಪ್ ದಿಣ್ಣೆ ಮೇಲಿದೆಯಾ?" ಅಂತ.

ಬೇಜಾರಿನ ವಿಷಯಗಳೂ ಇವೆ. ಫೋನಿನೊಳಗೆ ವೈಬ್ರೇಟರ್ ಇಲ್ಲ, ಅದಕ್ಕೆ ವೈಬ್ರೇಟರ್ ಇರುವ ಬೇರೆ ಬ್ಯಾಟರಿಯೇ ಕೊಳ್ಳಬೇಕು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವಾಗ ರಿಂಗ್ ಕೇಳಿಸುವುದೇ ಇಲ್ಲ. ಬ್ಯಾಟರಿ ಹಳೆಯದಾದಂತೆ ಬೇಗ ಇಳಿಯುತ್ತದೆ. ಖರ್ಚೂ ಜಾಸ್ತಿ, 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಗುವ ತನಕ ಎತ್ತಿದರೂ ದುಡ್ಡು ಹೋಗುತ್ತಿತ್ತಲ್ವಾ.

ಈಗ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಗಮನಿಸಿ: ಇದು 2ಜಿ ಫೋನ್, ಜಿಯೋ ಸಿಮ್ ನಡೆಯಲ್ಲ. ಕಿಟ್ ಸಮೇತ ಸಿಕ್ಕರೆ ಮಾತ್ರ ತಗೊಳ್ಳಿ. ಆಂಟೆನಾ ಬುಡದ ರಬ್ಬರ್ ತೆಗೆದು ನೋಡಿ. ನಮ್ಮ ಮಳೆಗೆ ಒಳಗಿನ ತಾಮ್ರ ಹಸಿರುಗಟ್ಟಿದ್ದರೆ ಕೇಬಲ್ ಹೊಸದೇ ಹಾಕಿಸಬೇಕು.